ಮೈಸೂರು ಸಂಸ್ಥಾನದ ಲೋಹಪಥ

ನಮ್ಮ ಪೂರ್ವಿಕರು ಬಾಳಿದ ಮೈಸೂರು ಸಂಸ್ಥಾನಕ್ಕೆ ಸಮುದ್ರತೀರವಿರಲಿಲ್ಲ, ಕಲ್ಲಿದ್ದಲ ನಿಕ್ಷೇಪವಿರಲಿಲ್ಲ. 1831ರಿಂದ ಐವತ್ತು ವರ್ಷ ಸಿಂಹಾಸನವಿದ್ದೂ ಅರಸರಿಗೆ ಅಧಿಕಾರವಿರಲಿಲ್ಲ; ಆಡಳಿತ ಬ್ರಿಟಿಷರ ಕೈಯಲ್ಲಿತ್ತು. 1864ರಲ್ಲಿ ಜೋಲಾರ್‌ಪೇಟೆಯ ಕಡೆಯಿಂದ ಬಂದ ಮದರಾಸು ರೈಲ್ವೆಯ ಹಳಿ ಬೆಂಗಳೂರಿನ ದಂಡುಪ್ರದೇಶಕ್ಕೇ ಬಂದು ನಿಂತಿತು. ಅದು ಸೇನೆಯ ಅವಶ್ಯಕತೆಗೆ ಒದಗಿದ ಪಥ. ಪ್ರಜೆಗಳ ಪಥಕ್ಕೆ ಕಾರಣವಾದದ್ದು ಧಾತು–ಈಶ್ವರ ಸಂವತ್ಸರಗಳ ಘೋರ ಕ್ಷಾಮ. 1871ರ ಗಣತಿಯಲ್ಲಿ 50.55 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41.86 ಲಕ್ಷಕ್ಕೆ ಕುಸಿದಿತ್ತು ಎಂದಮೇಲೆ ಆ ಪ್ರಳಯವನ್ನು ಬಣ್ಣಿಸಲು ವಿಶೇಷಣಗಳು ಬೇಡ. ಅಸ್ಥಿಪಂಜರಗಳಂತಾದ ಸ್ತ್ರೀಪುರುಷರು ದಿನದ ಕೂಲಿಗಾಗಿ ಮಣ್ಣಿನ ಬುಟ್ಟಿ ಹೊತ್ತು ಏರಿ ಕಟ್ಟಿದರು. ಬೆಂಗಳೂರು–ಮೈಸೂರು ಮೀಟರ್ ಗೇಜ್ ಮಾರ್ಗ ಆ ಏರಿಯ ಮೇಲೆಯೇ ಸಾಗಿತು.

1881ರ ಮಾರ್ಚ್ 25ರಂದು ರಾಜ್ಯ ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಮರುವರ್ಷವೇ ಉಗಿಬಂಡಿ ಮೈಸೂರು ತಲುಪಿತು. ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯಷ್ಟೇ ಆಸ್ಥೆಯಿಂದ ರೈಲುಮಾರ್ಗವನ್ನೂ ಪೋಷಿಸಿದವರು. ಆದರೆ ವಿಧಿ ಅವರಿಗೆ ಎರಡು ವರ್ಷವನ್ನೂ ಪೂರ್ಣವಾಗಿ ಕೊಡಲಿಲ್ಲ. ಉತ್ತರಾಧಿಕಾರಿ ಶೇಷಾದ್ರಿ ಅಯ್ಯರ್ ಅವರಿಗೆ ಸಿಕ್ಕದ್ದು ಕ್ಷಾಮದಿಂದ ಬರಿದಾದ ಬೊಕ್ಕಸ, ತೀರದ ಸಾಲ, ಮೇಲೆ ಬ್ರಿಟಿಷರ ಕಪ್ಪವನ್ನು 24.5 ಲಕ್ಷ ರೂಪಾಯಿಗಳಿಂದ 35 ಲಕ್ಷಕ್ಕೆ ಏರಿಸುವ ಕರಾರು. ಬೇರೆ ದಾರಿ ಕಾಣದೆ 1886ರಲ್ಲಿ ಸಂಸ್ಥಾನ ತನ್ನ ಹಳಿಗಳನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಒಪ್ಪಿಸಿತು. ಕ್ಷಾಮಪೀಡಿತರ ಬೆವರಿನಿಂದ ಎದ್ದ ಮಾರ್ಗ ಲಂಡನ್ನಿನ ಷೇರುದಾರರ ಕಂಪನಿಯ ಪಾಲಾದದ್ದನ್ನು ವಿವೇಕವೆನ್ನಬಹುದು, ವೈಭವವೆನ್ನಲಾಗದು. ಬಂಡಿಗಳು ಹರಿಹರ ದಾಟಿ ಪುಣೆಯ ಕಡೆಗೆ ಓಡಿದವು, ನಿಜ. ಆದರೆ ಮೈಸೂರಿನ ಹಳಿಯ ಅಗಲ ಒಂದು ಮೀಟರ್, ಮದರಾಸಿನದು ಐದೂವರೆ ಅಡಿ. ಮದರಾಸಿಗೆ ಹೊರಟ ಪ್ರತಿಯೊಂದು ಮೂಟೆಯೂ ಬೆಂಗಳೂರಿನಲ್ಲಿ ಹಮಾಲರ ಹೆಗಲೇರಿ ಬಂಡಿ ಬದಲಿಸಬೇಕಾಗಿತ್ತು; ಮಾಲು ತಡವಾಗುತ್ತಿತ್ತು, ಖರ್ಚು ಬೆಳೆಯುತ್ತಿತ್ತು.

ಕೋಲಾರದ ಚಿನ್ನದ ಗಣಿಗಳಿಗೆ ಮಾತ್ರ 1894ರಲ್ಲಿ ಬೌರಿಂಗ್‌ಪೇಟೆಯಿಂದ ಬ್ರಾಡ್‌ ಗೇಜ್ ಹಳಿಯೇ ಬಂತು. ಚಿನ್ನಕ್ಕೆ ಹಮಾಲರ ಹೆಗಲು ಬೇಕಾಗಲಿಲ್ಲ!

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ದೆಸೆ ತಿರುಗಿತು. 1909ರಲ್ಲಿ ಮುಖ್ಯ ಇಂಜಿನಿಯರಾಗಿ ಬಂದು 1912ರಲ್ಲಿ ದಿವಾನರಾದ ವಿಶ್ವೇಶ್ವರಯ್ಯನವರಿಗೆ ರೈಲು ಕೇವಲ ಪ್ರಯಾಣದ ಸಾಧನವಾಗಿರಲಿಲ್ಲ. ತನ್ನ ಹಳಿಗಳ ಮೇಲೆ ತನಗೇ ಅಧಿಕಾರವಿಲ್ಲದ ರಾಜ್ಯ ತನ್ನ ಕಾರ್ಖಾನೆಗಳಿಗೂ ಒಡೆಯನಾಗಲಾರದೆಂದು ಅವರು ಬಲ್ಲರು. ಸಂಸ್ಥಾನವೇ ಕಟ್ಟಿದ ಮೈಸೂರು–ಅರಸೀಕೆರೆ ಮಾರ್ಗ 1918ರಲ್ಲಿ ತೆರೆಯಿತು. ಅದೇ ವರ್ಷ, 1899ರಲ್ಲಿ ಹಾಕಿದ ಬೀರೂರು–ಶಿವಮೊಗ್ಗ ಹಳಿಯ ಮಗ್ಗುಲಲ್ಲಿ, ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಗೆ ಅಸ್ತಿಭಾರ ಬಿತ್ತು. ಆ ಸಾಹಸವನ್ನು ಕೊಂಚ ನಿಂತು ನೋಡಬೇಕು. ಕಲ್ಲಿದ್ದಲಿಲ್ಲದ ನಾಡು ಮಲೆನಾಡಿನ ಮರ ಸುಟ್ಟು ಇದ್ದಿಲು ಮಾಡಿತು. ಅದೇ ಮರದ ಹೊಗೆಯನ್ನು ಬಟ್ಟಿ ಇಳಿಸಿ ರಾಸಾಯನಿಕಗಳನ್ನು ತೆಗೆಯಿತು. ಕೆಮ್ಮಣ್ಣುಗುಂಡಿಯ ಅದಿರು ತೊಟ್ಟಿಗಳಲ್ಲಿ ತುಂಬಿ, ಕಾಡಿನ ನೆತ್ತಿಯ ಮೇಲೆ ತೂಗುತ್ತ ಉಕ್ಕಿನ ಹಗ್ಗದ ದಾರಿಯಲ್ಲಿ ಇಳಿದು, ಕಿರುಹಳಿಯ ಬಂಡಿಗಳೇರಿ ಕುಲುಮೆಯ ಬಳಿ ಬರುತ್ತಿತ್ತು. 1923ರಲ್ಲಿ ಬೀಡುಕಬ್ಬಿಣ ಕರಗಿ ಹರಿಯುವ ಹೊತ್ತಿಗೆ ಮೊದಲ ಮಹಾಯುದ್ಧ ಮುಗಿದು ಬೆಲೆ ಕುಸಿದಿತ್ತು, ಕಾರ್ಖಾನೆ ನಷ್ಟದಲ್ಲಿ ಮುಳುಗಿತ್ತು. ದಿವಾನಗಿರಿ ತ್ಯಜಿಸಿದ್ದ ವಿಶ್ವೇಶ್ವರಯ್ಯನವರು ಅದರ ಅಧ್ಯಕ್ಷಪೀಠವೇರಿ 1929ರವರೆಗೆ ಅದನ್ನು ಕಾಪಾಡಿದರು.

ಒಂದು ಮಹತ್ವಾಕಾಂಕ್ಷೆ ಮಾತ್ರ ಕೈಗೂಡಲಿಲ್ಲ. ಘಟ್ಟವಿಳಿದು ಭಟ್ಕಳದವರೆಗೆ ಹಳಿ ಹಾಕಿ, ಅಲ್ಲಿ ಬಂದರು ಕಟ್ಟಿ ಮೈಸೂರಿಗೆ ಕಡಲ ಬಾಗಿಲು ತೆರೆಯಬೇಕೆಂದು ಅವರು ಹಂಬಲಿಸಿದ್ದರು. ಭಟ್ಕಳ ಮುಂಬಯಿ ಪ್ರಾಂತದ ನೆಲ. ಸಾಮ್ರಾಜ್ಯದ ಸಮ್ಮತಿಯಿಲ್ಲದೆ ಒಂದು ಗಜ ಹಳಿಯೂ ಅಲ್ಲಿಗೆ ಇಳಿಯುವಂತಿರಲಿಲ್ಲ. ಆ ಸಾಮ್ರಾಜ್ಯ ಅಸ್ತಂಗತವಾಯಿತು; 1951ರಲ್ಲಿ ಮೈಸೂರಿನ ರೈಲ್ವೆಯೂ ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. ಭಟ್ಕಳಕ್ಕೆ ರೈಲು ಬರಲು ಕೊಂಕಣ ರೈಲ್ವೆಯ ಕಾಲವೇ ಬರಬೇಕಾಯಿತು. ಅದು ಕರಾವಳಿಯುದ್ದಕ್ಕೂ ಓಡುವ ರೈಲು. ದಿವಾನರು ಬಯಸಿದಂತೆ ಘಟ್ಟವಿಳಿದು ಭಟ್ಕಳ ಸೇರುವ ಮಾರ್ಗ ಇಂದಿಗೂ ಬಂದಿಲ್ಲ.