ಮಿತಾಕ್ಷರೆಯಲ್ಲಿ ಭೂಕ್ರಯವಿಧಿ

ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನು ಕ್ರಿ. ಶ. 1076ರಿಂದ 1126ರ ವರೆಗೆ ಕಲ್ಯಾಣನಗರದಲ್ಲಿ ರಾಜ್ಯವಾಳುತ್ತಿದ್ದ ಕಾಲದಲ್ಲಿ ವಿಜ್ಞಾನೇಶ್ವರ ಯೋಗಿಯು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದನೆಂಬುದು ವಿದ್ವಜ್ಜನರಿಗೆ ವಿದಿತವಾದ ಸಂಗತಿ. ದಾಯಭಾಗ ಪ್ರಕರಣದಿಂದಲೇ ಆ ಗ್ರಂಥಕ್ಕೆ ಲೋಕಪ್ರಸಿದ್ಧಿಯುಂಟಾಗಿರುವ ಕಾರಣ, ಅದೇ ಪ್ರಕರಣದೊಳಗೆ ಅಡಗಿರುವ ಭೂಕ್ರಯದ ವಿಚಾರವು ಅನೇಕರ ಲಕ್ಷ್ಯಕ್ಕೆ ಬಂದಿರುವುದಿಲ್ಲ. ಒಂದು ಹೂದೋಟಕ್ಕೆ ಸಾಲುವಷ್ಟು ನೆಲವನ್ನು ಕೊಳ್ಳಬೇಕೆಂದು ಹೊಲದ ಒಡೆಯನ ಬಾಗಿಲಿಗೆ ಹೋದವನು, ಅಲ್ಲಿಂದ ಮುಂದೆ ಎಷ್ಟು ಬಾಗಿಲುಗಳಿಗೆ ಹೋಗಬೇಕು, ಏತಕ್ಕಾಗಿ ಹೋಗಬೇಕು ಎಂಬುದನ್ನು ವಿಜ್ಞಾನೇಶ್ವರನು ಅಲ್ಲಿ ಸೂಕ್ಷ್ಮವಾಗಿ ವಿವೇಚಿಸಿರುವನು.

ಅವನು ಉದಾಹರಿಸುವ ಪ್ರಾಚೀನ ಸ್ಮೃತಿವಚನವೊಂದರಂತೆ, ನೆಲವು ಒಬ್ಬರಿಂದ ಮತ್ತೊಬ್ಬರಿಗೆ ಹೋಗುವುದಕ್ಕೆ ಆರು ಸಾಧನಗಳು ಬೇಕು. ಊರವರು, ಜ್ಞಾತಿಗಳು, ಸಾಮಂತರು, ದಾಯಾದರು ಎಂಬೀ ನಾಲ್ವರ ಅನುಮತಿ. ಅದರ ಮೇಲೆ ಹೊನ್ನು ಮತ್ತು ನೀರು. ಪ್ರಕೃತ ಸಾಮಂತರೆಂದರೆ ಮಾಂಡಲಿಕ ರಾಜರಲ್ಲ, ಎಲ್ಲೆಗೆ ಎಲ್ಲೆ ಹತ್ತಿಕೊಂಡಿರುವ ನೆರೆಹೊಲದವರು.

ಮೇಲುನೋಟಕ್ಕೆ ಈ ಆರರಲ್ಲಿ ಒಂದು ತಪ್ಪಿದರೂ ಕ್ರಯವೇ ಅಸಿದ್ಧವೆಂದು ತೋರುವುದು. ಹಾಗಿದ್ದ ಪಕ್ಷದಲ್ಲಿ, ಕಷ್ಟಕ್ಕೆ ಸಿಕ್ಕಿ ನೆಲ ಮಾರಹೊರಟ ಬಡ ಒಕ್ಕಲಿಗನನ್ನು ತಡೆದು ನಿಲ್ಲಿಸುವುದಕ್ಕೆ ಮತ್ಸರಿಯಾದ ನೆರೆಯವನೊಬ್ಬನೇ ಸಾಕಾಗುತ್ತಿದ್ದನು. ವಿಜ್ಞಾನೇಶ್ವರನ ವಿವೇಕವು ಬೆಳಗುವುದು ಇಲ್ಲಿಯೇ. ಊರವರ ಅನುಮತಿಯನ್ನು ಕೇಳುವುದು ವ್ಯವಹಾರವು ಬಹಿರಂಗವಾಗಲೆಂದು. ಅವರು ಒಪ್ಪದಿದ್ದರೆ ವ್ಯವಹಾರವು ಸಿದ್ಧಿಸದೆಂದಲ್ಲ. ನೆರೆಹೊಲದವರನ್ನು ಕೇಳುವುದು ಮುಂದೆ ಎಲ್ಲೆಯ ಜಗಳ ಏಳದಿರಲೆಂದು. ಪಾಲಾಗಿ ಬೇರೆಯಾದ ಜ್ಞಾತಿ ದಾಯಾದರನ್ನು ಕೇಳುವುದೂ, ಪಾಲು ಆಗಿದೆಯೋ ಇಲ್ಲವೋ ಎಂಬ ಸಂಶಯಕ್ಕೆ ಆಸ್ಪದವಿಲ್ಲದಂತೆ ವ್ಯವಹಾರವು ಸುಗಮವಾಗಲೆಂದೇ ಹೊರತು, ಮಾರುವವನಿಗೆ ಒಡೆತನ ಸಾಲದೆಂದಲ್ಲ. ಒಡೆತನಕ್ಕೆ ಬೇಕಾದ ಸಮ್ಮತಿ ಬೇರೆ, ನೆಮ್ಮದಿಗೆ ಬೇಕಾದ ಸಮ್ಮತಿ ಬೇರೆ ಎಂಬ ಈ ಭೇದವನ್ನು ಅಷ್ಟು ಹಿಂದೆಯೇ ಇಷ್ಟು ಸ್ಪಷ್ಟವಾಗಿ ಕಂಡುದು ಸಾಮಾನ್ಯವಲ್ಲ.

ಅವಿಭಕ್ತ ಕುಟುಂಬದ ಮಾತು ಬೇರೆ. ಪಿತಾಮಹನಿಂದ ಬಂದ ಭೂಮಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟೆಂಬುದು ಮಿತಾಕ್ಷರೆಯ ಸಿದ್ಧಾಂತವಾದುದರಿಂದ, ಅಲ್ಲಿ ಒಡೆಯನೊಬ್ಬನ ಮಾತು ಸಾಲದು. ಆದಾಗ್ಯೂ ಮಕ್ಕಳು ಒಪ್ಪಿಗೆ ಕೊಡಲಾರದಷ್ಟು ಎಳೆಯರಾಗಿರುವಾಗ ಕುಟುಂಬಕ್ಕೆಲ್ಲ ಆಪತ್ತು ಬಂದರೆ, ಕುಟುಂಬದ ಪೋಷಣೆಗಾಗಿ, ಅಥವಾ ತಂದೆಯ ಶ್ರಾದ್ಧವೇ ಮೊದಲಾದ ಅವಶ್ಯಕರ್ತವ್ಯಕ್ಕಾಗಿ ಒಬ್ಬನೇ ಸ್ಥಾವರವನ್ನು ಮಾರಬಹುದೆಂದು ಅವನು ಬಿಡುಗಡೆಯ ದಾರಿಯನ್ನೂ ತೋರಿಸಿರುವನು. ಆದಕಾರಣ ಕೊಳ್ಳಬಂದವನು ಬೆಲೆಯನ್ನು ಕೇಳುವುದಕ್ಕೆ ಮುಂಚೆ, ಈ ನೆಲವು ಏತಕ್ಕಾಗಿ ಮಾರಾಟಕ್ಕೆ ಬಂದಿದೆಯೆಂದು ಕೇಳುವುದು ಅಧಿಕಪ್ರಸಂಗವಾಗಿರಲಿಲ್ಲ, ಆವಶ್ಯಕವಾಗಿತ್ತು.

ಇನ್ನು ಹೊನ್ನು ನೀರುಗಳ ವಿಚಾರ. ಸ್ಥಾವರವನ್ನು ಮಾರಕೂಡದು, ಅನುಮತಿ ಪಡೆದು ಅಡವಿಡಬಹುದು ಎಂಬ ನಿಷೇಧವೊಂದು ಸ್ಮೃತಿಯಲ್ಲಿರುವುದು. ಭೂದಾನಕ್ಕಾದರೋ ಅಪಾರವಾದ ಪ್ರಶಂಸೆ. ಲೋಕದಲ್ಲಿ ಮಾರುವ ಅವಶ್ಯಕತೆಯೇನೋ ತಪ್ಪದು. ಇವೆರಡನ್ನೂ ಹೊಂದಿಸುವುದಕ್ಕಾಗಿ, ಮಾರುವವನು ಹೊನ್ನನ್ನೂ ನೀರನ್ನೂ ಕೊಟ್ಟು ದಾನದ ರೂಪದಿಂದಲೇ ಕ್ರಯವನ್ನು ನೆರವೇರಿಸತಕ್ಕದ್ದೆಂದು ವಿಜ್ಞಾನೇಶ್ವರನು ನಿರ್ಣಯಿಸಿದನು. ಇದನ್ನು ಬರಿಯ ಯುಕ್ತಿಯೆಂದು ನಗುವವರು ಇರಬಹುದು. ಆದರೆ ಕನ್ನಡನಾಡಿನ ಶಾಸನಗಳಲ್ಲಿ ಹಿರಣ್ಯೋದಕವೆಂಬ ಮಾತೂ ಧಾರಾಪೂರ್ವಕವೆಂಬ ಮಾತೂ ಅದೆಷ್ಟೋ ಸಲ ಬರುವುವು. ಅವುಗಳಲ್ಲಿ ಭೂಮಿಯ ಪ್ರಮಾಣವನ್ನು ಮತ್ತರು, ಕಮ್ಮಗಳಲ್ಲಿ ಹೇಳಿ, ಅಳೆದ ಗಳೆಯ ಹೆಸರನ್ನು ಹೇಳಿ, ಮೂಡಣ, ತೆಂಕಣ, ಪಡುವಣ, ಬಡಗಣ ದಿಕ್ಕುಗಳ ಎಲ್ಲೆಯನ್ನು ಹಳ್ಳ, ಹುತ್ತ, ಮರ, ದಾರಿಗಳಿಂದ ಗುರುತಿಸಿರುವರು. ಶಿವಾಲಯದ ದತ್ತಿಯಾದರೆ ಲಿಂಗಮುದ್ರೆಯ ಕಲ್ಲು, ಜೈನರ ದತ್ತಿಯಾದರೆ ಮುಕ್ಕೊಡೆಯ ಕಲ್ಲು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳನ್ನು ಎಣಿಸುವ ಪದ್ಧತಿಯು ವಿಜಯನಗರದ ಕಾಲದ ಶಾಸನಗಳಲ್ಲಿ ವಿಶೇಷವಾಗಿ ಕಾಣುವುದು. ಕೊಂಡವನ ಮೊಮ್ಮಗನೊಡನೆ ಮಾರಿದವನ ಮೊಮ್ಮಗನು ಬಾವಿಯ ನೀರಿಗಾಗಿ ಕಾದಾಡಬಾರದೆಂಬ ದೂರದೃಷ್ಟಿಯೇ ಈ ಎಣಿಕೆಗೆ ಮೂಲವೆನ್ನಬೇಕು.

1810ರಲ್ಲಿ ಕೋಲ್‌ಬ್ರೂಕನು ದಾಯಭಾಗ ಪ್ರಕರಣವನ್ನು ಇಂಗ್ಲಿಷಿಗೆ ಭಾಷಾಂತರಿಸಿ ಕಲಕತ್ತೆಯಲ್ಲಿ ಪ್ರಕಟಿಸಿದ ಮೇಲೆ ಮಿತಾಕ್ಷರೆಯು ನ್ಯಾಯಾಧೀಶರ ಮೇಜನ್ನೇರಿತು. 1882ರ ಸ್ವತ್ತು ವರ್ಗಾವಣೆಯ ಕಾಯಿದೆಯು, ನೂರು ರೂಪಾಯಿಗಳ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಾವರದ ಕ್ರಯವು ನೋಂದಣಿಯಾದ ಪತ್ರದಿಂದಲೇ ಆಗತಕ್ಕದ್ದೆಂದು ವಿಧಿಸಿತು. ಊರವರೆದುರಿನ ಪ್ರಕಟನೆಯು ಹೀಗೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಪುಸ್ತಕಕ್ಕೆ ಸೇರಿತು. ನೆರೆಹೊಲದವರ ಹೆಸರುಗಳು ಕ್ರಯಪತ್ರದ ಚಕ್ಕುಬಂದಿಯಲ್ಲಿ ಉಳಿದುಕೊಂಡವು.

ಜನ್ಮಸ್ವತ್ವವನ್ನು ಮಿತಾಕ್ಷರೆಯ ಸಂಪ್ರದಾಯವು ಪುತ್ರ ಪೌತ್ರ ಪ್ರಪೌತ್ರರಿಗೆ ಮಾತ್ರ ಮೀಸಲಿಟ್ಟಿತ್ತು. ಕರ್ನಾಟಕದಲ್ಲಿ 1994ರ ತಿದ್ದುಪಡಿಯು ಅವಿವಾಹಿತೆಯರಾದ ಹೆಣ್ಣುಮಕ್ಕಳಿಗೂ, 9-9-2005ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಮದುವೆಯಾದವರನ್ನೂ ಒಳಗೊಂಡು ಎಲ್ಲ ಹೆಣ್ಣುಮಕ್ಕಳಿಗೂ ಅದನ್ನು ವಿಸ್ತರಿಸಿದುವು. ತಂದೆಯು ಆ ದಿನ ಜೀವಂತನಾಗಿದ್ದಿರಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಮಾನಿಸಿತು. ಆದುದರಿಂದ ಈಗ ಪಿತ್ರಾರ್ಜಿತ ಹೊಲದ ಒಂದು ತುಂಡನ್ನು ಕೊಳ್ಳಹೋದವನು, ಒಡೆಯನೊಡನೆ ಬೆಲೆಯನ್ನು ಗೊತ್ತುಮಾಡಿಕೊಂಡ ಬಳಿಕ, ಗಂಡನ ಊರಿನಲ್ಲಿರುವ ಮಗಳ ರುಜುವನ್ನೂ ಕೇಳಬೇಕಾಗಿರುವುದು. 20-12-2004ಕ್ಕೆ ಮುಂಚೆ ನಡೆದುಹೋದ ಕ್ರಯಗಳಿಗೆ ಮಾತ್ರ ಆ ಕಾಯಿದೆಯ ಬಾಧೆಯಿಲ್ಲ.