ರಾವಣನ ದನಿ ಎಲ್ಲಿ ಹೋಯಿತು?

1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರುಕಟ್ಟೆ ಬಳಿಯ ಪ್ಯಾರಮೌಂಟ್ ಚಿತ್ರಮಂದಿರದಲ್ಲಿ ಪರದೆಯ ಮೇಲಿನ ರಾವಣ ಕನ್ನಡದಲ್ಲಿ ಮಾತನಾಡಿದ. ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ದ ಆ ರಾವಣನೇ ಆರ್. ನಾಗೇಂದ್ರರಾಯರು.

1896ರಲ್ಲಿ ಚಿತ್ರದುರ್ಗ ಸೀಮೆಯ ಹೊಳಲ್ಕೆರೆಯಲ್ಲಿ ಹುಟ್ಟಿದ ರಾಯರು ಕಂಪನಿ ನಾಟಕಗಳಲ್ಲಿ ಪಳಗಿದವರು. ಇಂದಿನ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಊಹಿಸಿಕೊಳ್ಳಬೇಕು. ಆ ರಂಗಭೂಮಿಯಲ್ಲಿ ಧ್ವನಿವರ್ಧಕ ಇರಲಿಲ್ಲ. ಹಾರ್ಮೋನಿಯಂನ ಏರು ಶ್ರುತಿಗೆ ಹಾಡಬೇಕು, ಹಿಂದಿನ ಸಾಲಿನಲ್ಲಿ ಕುಳಿತವನಿಗೂ ಮಾತು ಮುಟ್ಟಬೇಕು. ಹಾಗೆ ಹದಗೊಂಡ ಗಂಟಲು ಮೈಕ್ರೊಫೋನಿನ ಮುಂದೆ ನಿಂತಾಗ ಏನಾಗುತ್ತದೆ? ನೂರು ಗಜ ದೂರಕ್ಕೆ ಎಸೆಯುತ್ತಿದ್ದ ದನಿಯನ್ನು ಕೈಯಳತೆಯ ದೂರಕ್ಕೆ ಇಳಿಸಬೇಕು. ಅನೇಕ ನಟರು ಇಲ್ಲಿಯೇ ಸೋತರು.

ಚಮನ್‌ಲಾಲ್ ಡುಂಗಾಜಿ ಬಂಡವಾಳ ಹೂಡಿದ, ವೈ. ವಿ. ರಾವ್ ನಿರ್ದೇಶಿಸಿದ 'ಸತಿ ಸುಲೋಚನ'ದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಇಂದ್ರಜಿತುವಾಗಿ ಎಂ. ವಿ. ಸುಬ್ಬಯ್ಯನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ ಅಭಿನಯಿಸಿದರು. ಹಿನ್ನೆಲೆ ಗಾಯನ ಆಗ ಇನ್ನೂ ಬಂದಿರಲಿಲ್ಲ. ಕ್ಯಾಮೆರಾ ಓಡುವಾಗಲೇ ನಟ ಹಾಡಬೇಕು, ನಟಿಸಬೇಕು. ನಡುವೆ ಸ್ವರ ತಪ್ಪಿದರೆ ಇಡೀ ದೃಶ್ಯ ಮತ್ತೆ ಮೊದಲಿನಿಂದ!

ಚಿತ್ರದ ಯಶಸ್ಸಿನಿಂದ ರಾಯರು ನಾಟಕವನ್ನು ಬಿಡಲಿಲ್ಲ. ನಾಯ್ಡು ಅವರೊಡನೆ 'ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಲಿ' ಕಟ್ಟಿ ನಡೆಸಿದರು. ಅವರ 'ಭೂಕೈಲಾಸ' ನಾಟಕದ ಕೀರ್ತಿ ಮದರಾಸಿನ ಎ. ವಿ. ಮೆಯ್ಯಪ್ಪನ್ ಅವರನ್ನು ಮುಟ್ಟಿತು. 1940ರಲ್ಲಿ ಅದು ತೆಲುಗು ಚಿತ್ರವಾಯಿತು. ಕನ್ನಡ ಕಂಪನಿಯ ನಟರು ತೆಲುಗು ಮಾತನಾಡಿದರು, ನಿರ್ದೇಶಕರು ಸುಂದರರಾವ್ ನಾಡಕರ್ಣಿ. ನಾಯ್ಡು ರಾವಣ, ರಾಯರು ನಾರದ. ರಾವಣನ ಗರ್ಜನೆಯನ್ನು ಬಿಟ್ಟು ನಾರದನ ನಯದ ಮಾತಿಗೆ ಬಂದದ್ದು ಸಣ್ಣ ಬದಲಾವಣೆಯಲ್ಲ.

1943ರ 'ಸತ್ಯ ಹರಿಶ್ಚಂದ್ರ'ವನ್ನು ರಾಯರೇ ನಿರ್ದೇಶಿಸಿದರು. ನನ್ನಂಥ ವಿಜ್ಞಾನದ ವಿದ್ಯಾರ್ಥಿಗೆ ಬಹಳ ಕುತೂಹಲ ಹುಟ್ಟಿಸುವ ಚಿತ್ರ ಇದು. ಆಗಿನ ಫಿಲ್ಮಿನ ಅಂಚಿನಲ್ಲಿ ಧ್ವನಿ ಬೆಳಕಿನ ಗೆರೆಯಾಗಿ ಮುದ್ರಿತವಾಗಿರುತ್ತಿತ್ತು. ಆ ಗೆರೆಯನ್ನು ತೆಗೆದು ಬೇರೊಂದನ್ನು ಕೂಡಿಸಿದರೆ ಅದೇ ತುಟಿ ಬೇರೆ ಭಾಷೆ ಆಡುತ್ತದೆ. ಹೀಗೆಯೇ 1944ರಲ್ಲಿ ಹರಿಶ್ಚಂದ್ರ ತಮಿಳು ನುಡಿದ. ನಮ್ಮ ದೇಶದ ಮೊದಮೊದಲ ಡಬ್ಬಿಂಗ್ ಪ್ರಯತ್ನಗಳಲ್ಲಿ ಇದೂ ಒಂದು. ಮುಂದೆ ಡಬ್ಬಿಂಗ್ ಬೇಡವೆಂದು ದಶಕಗಳ ಕಾಲ ಪಟ್ಟು ಹಿಡಿದ ಕನ್ನಡ ಚಿತ್ರರಂಗದಿಂದಲೇ ಇದು ಹೊರಟಿತೆಂಬುದು ಸೋಜಿಗ.

ಬಳಿಕ 'ಜಾತಕಫಲ' (1953), ರಾಷ್ಟ್ರಪತಿಗಳ ಬೆಳ್ಳಿ ಪದಕ ಪಡೆದ 'ಪ್ರೇಮದ ಪುತ್ರಿ' (1957) ಬಂದವು. ಆದರೆ ನನಗೆ ಮೆಚ್ಚುಗೆಯಾದದ್ದು 1968ರ 'ಹಣ್ಣೆಲೆ ಚಿಗುರಿದಾಗ'ದ ರಾಯರು. ತ್ರಿವೇಣಿಯವರ ಕಾದಂಬರಿ ಆಧರಿಸಿದ, ವಿಧವಾ ವಿವಾಹದ ಪ್ರಶ್ನೆ ಎತ್ತುವ ಕಥೆಯಲ್ಲಿ ಅವರು ಮನೆಯ ಹಿರಿಯರು. ಎಪ್ಪತ್ತು ದಾಟಿದ ನಟ, ಕಂಪನಿಯ ಏರುದನಿಯ ಸುಳಿವೂ ಇಲ್ಲ. 1976ರಲ್ಲಿ ಪದ್ಮಶ್ರೀ ಬಂದಿತು, 1977ರಲ್ಲಿ ಅವರು ತೀರಿಕೊಂಡರು.

ಈ ಹಿರಿಯರನ್ನು ಇಂದಿಗೂ ನೋಡಬಹುದು. 1934ರ ರಾವಣನನ್ನು ಮಾತ್ರ ನೋಡಲಾಗದು; 'ಸತಿ ಸುಲೋಚನ'ದ ಪ್ರತಿಯೇ ಉಳಿದಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮು ಬೇಗ ಹೊತ್ತಿಕೊಳ್ಳುವಂಥದು, ಬಿಸಿಗೆ ತಾನಾಗಿಯೇ ಕೊಳೆಯುವಂಥದು. ಹಾಗೆಂದು ರಸಾಯನಶಾಸ್ತ್ರವೊಂದನ್ನೇ ದೂರುವುದು ನ್ಯಾಯವಲ್ಲ. ಓಡಿ ಮುಗಿದ ಚಿತ್ರವನ್ನು ಕಾದಿಡಬೇಕೆಂದು ಆಗ ಯಾರಿಗೂ ತೋಚಲಿಲ್ಲ. ಟೆಲಿವಿಷನ್ನಿನವರಾದ ನಾವೂ ಟೇಪಿನ ಖರ್ಚು ಉಳಿಸಲು ಎಷ್ಟೋ ಕಲಾವಿದರ ಸಂದರ್ಶನಗಳನ್ನು ಅಳಿಸಿ, ಅದರ ಮೇಲೆಯೇ ಬೇರೆ ಕಾರ್ಯಕ್ರಮ ಮುದ್ರಿಸಿದ್ದೇವೆ.