ಶರತ್ತು ಮತ್ತು ಕೂಟ: ಮುಮ್ಮಡಿ ಕೃಷ್ಣರಾಜ ಒಡೆಯರ ರಾಜ್ಯಭಾರದ ಕೊನೆಯ ವರ್ಷಗಳು

ಕನ್ನಡ ಸಾಹಿತ್ಯ ಚರಿತ್ರೆಯನ್ನು ಓದುವವರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕವಿಗಳಿಗೂ ಪಂಡಿತರಿಗೂ ಆಶ್ರಯವಿತ್ತ ಅರಸರಾಗಿ ಪರಿಚಿತರು. ಹೊಸಗನ್ನಡ ಗದ್ಯದ ಮೊದಮೊದಲ ಮಾದರಿಗಳಲ್ಲಿ ಒಂದೆನಿಸಿದ ಕೆಂಪುನಾರಾಯಣನ ‘ಮುದ್ರಾಮಂಜೂಷ’ 1823ರಲ್ಲಿ ರಚಿತವಾದುದು ಇವರ ಆಳ್ವಿಕೆಯಲ್ಲಿ. ‘ಶ್ರೀತತ್ತ್ವನಿಧಿ’, ‘ಸೌಗಂಧಿಕಾಪರಿಣಯ’, ಮಹಾಭಾರತವನ್ನು ಗದ್ಯದಲ್ಲಿ ತಂದ ‘ಕೃಷ್ಣರಾಜವಾಣೀವಿಲಾಸ’ ಮೊದಲಾದ ಅನೇಕ ಕೃತಿಗಳು ಇವರ ಹೆಸರಿನೊಡನೆ ಸೇರಿಕೊಂಡಿವೆ. ಆಡಳಿತ ಚರಿತ್ರೆಯ ಪುಟಗಳಲ್ಲಾದರೋ ಅದೇ ಹೆಸರು ಇನ್ನೊಂದು ಬಗೆಯಲ್ಲಿ ಕಾಣಿಸುತ್ತದೆ: ಬೊಕ್ಕಸವನ್ನು ಬರಿದುಮಾಡಿ, ಪ್ರಜೆಗಳ ವಿಶ್ವಾಸವನ್ನು ಕಳೆದುಕೊಂಡು, 1831ರಲ್ಲಿ ರಾಜ್ಯಭಾರವನ್ನೇ ಬಿಟ್ಟುಕೊಡಬೇಕಾಗಿ ಬಂದ ದೊರೆ. ಸಾಹಿತ್ಯದ ವಿದ್ಯಾರ್ಥಿಗಳು ಮೊದಲ ಚಿತ್ರವನ್ನೂ ಇತಿಹಾಸದ ವಿದ್ಯಾರ್ಥಿಗಳು ಎರಡನೆಯದನ್ನೂ ಓದಿ ಮುಗಿಸುವುದು ರೂಢಿಯಾಗಿಬಿಟ್ಟಿದೆ. ಕವಿಗಳು ಹೊಗಳಿದ ಔದಾರ್ಯ ಮತ್ತು ಅಧಿಕಾರಿಗಳು ಖಂಡಿಸಿದ ದುಂದು ಒಂದೇ ಕೈಯಿಂದ ಹೊರಟವು. ಆ ಕೈಗೆ ಹಣ ಬಂದ ದಾರಿಯನ್ನು ನೋಡದೆ ಎರಡರಲ್ಲಿ ಯಾವುದನ್ನೂ ಸರಿಯಾಗಿ ಅರಿಯಲಾಗದು.

1799ರಲ್ಲಿ ಟಿಪ್ಪು ಸುಲ್ತಾನನ ಪತನದ ಬಳಿಕ ಐದು ವರ್ಷದ ಬಾಲಕನಾಗಿ ಕೃಷ್ಣರಾಜರು ಪಟ್ಟವೇರಿದರು. ಆಡಳಿತವೆಲ್ಲ ದಿವಾನ್ ಪೂರ್ಣಯ್ಯನವರದು. ಅದೇ ವರ್ಷದ ಸಹಾಯಕ ಸೈನ್ಯದ ಒಪ್ಪಂದದಂತೆ ಮೈಸೂರು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಎಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಪೊಗದಿ ಕೊಡಬೇಕಾಗಿತ್ತು. ಈ ಪೊಗದಿಗೆ ಸಂಚಕಾರ ಬರುವ ಭಯ ಕಂಡರೆ ಕಂಪನಿಯು ಆಡಳಿತವನ್ನು ತಾನೇ ವಹಿಸಿಕೊಳ್ಳಬಹುದೆಂಬ ನಿಬಂಧನೆಯೂ ಅದೇ ಒಪ್ಪಂದದಲ್ಲಿತ್ತು. ಮೂವತ್ತೆರಡು ವರ್ಷಗಳ ತರುವಾಯ ಬಳಕೆಗೆ ಬಂದ ಕತ್ತಿ ಇದೇ. ಪೂರ್ಣಯ್ಯನವರು ಬಿಗಿ ಕೈಯ ಆಡಳಿತಗಾರರು. 1811ರಲ್ಲಿ ಅವರು ಅಧಿಕಾರದಿಂದ ಸರಿದಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮಿಕ್ಕಿದ ಹಣವಿತ್ತೆಂದು ದಾಖಲೆಗಳು ಹೇಳುತ್ತವೆ. ಮರುವರ್ಷವೇ ಅವರು ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು.

ಆ ಹಣ ಹೇಗೆ ಕರಗಿತೆಂಬುದನ್ನು ಆಂಗ್ಲ ಬರಹಗಾರರು ಬಹಳ ಉತ್ಸಾಹದಿಂದ ವರ್ಣಿಸಿದ್ದಾರೆ. ಅರಮನೆಯ ವೈಭವ, ದೇವಾಲಯಗಳಿಗೆ ದತ್ತಿ, ಇನಾಮು, ಪಂಡಿತರಿಗೂ ಕಲಾವಿದರಿಗೂ ಸಂದ ಸಂಭಾವನೆ, ಆಪ್ತರೆನಿಸಿಕೊಂಡವರ ಲಾಭಕೋರತನ ಇವೆಲ್ಲವೂ ಅದರಲ್ಲಿ ಪಾಲು ಪಡೆದವು. ಆದರೆ ಖರ್ಚಿನ ಕಥೆಯನ್ನಷ್ಟೇ ಹೇಳಿ ನಿಲ್ಲಿಸಿದರೆ ಪ್ರಜೆಗಳು ಏಕೆ ತಿರುಗಿಬಿದ್ದರೆಂಬುದು ತಿಳಿಯುವುದಿಲ್ಲ. ದೂರದ ಮಲೆನಾಡಿನ ರೈತನಿಗೆ ಮೈಸೂರಿನ ದರ್ಬಾರಿನಲ್ಲಿ ಯಾರಿಗೆ ಎಷ್ಟು ಉಡುಗೊರೆ ಸಂದಿತೆಂಬುದು ಕಾಣುತ್ತಿರಲಿಲ್ಲ. ಅವನಿಗೆ ಕಾಣುತ್ತಿದ್ದವನು ಅಮಲ್ದಾರ.

ಇಲ್ಲಿ ಗಮನಿಸಬೇಕಾದುದು ‘ಶರತ್ತು’ ಎಂದು ಹೆಸರಾದ ವ್ಯವಸ್ಥೆ. ತಾಲ್ಲೂಕಿನ ಅಮಲ್ದಾರನು ಈ ವರ್ಷ ಇಷ್ಟು ಕಂದಾಯ ಸಲ್ಲಿಸುತ್ತೇನೆಂದು ಸರ್ಕಾರಕ್ಕೆ ಮುಚ್ಚಳಿಕೆ ಬರೆದುಕೊಡಬೇಕು. ವಸೂಲಿ ಕಡಿಮೆಯಾದರೆ ಕೊರತೆಯನ್ನು ಅವನೇ ತುಂಬಬೇಕು. ಹೆಚ್ಚಾದರೆ ಹೆಚ್ಚಳ ಸರ್ಕಾರಕ್ಕೆ ಸಲ್ಲಬೇಕು. ಒಪ್ಪಿದ ಮೊತ್ತ ಸಾಮಾನ್ಯವಾಗಿ ಹಿಂದಿನ ವರ್ಷದ್ದಕ್ಕಿಂತ ಮೇಲೆಯೇ ಇರುತ್ತಿತ್ತು. ಅದೇ ಮುಚ್ಚಳಿಕೆಯಲ್ಲಿ ಹೊಸ ತೆರಿಗೆಗಳನ್ನು ಹೇರುವುದಿಲ್ಲ, ರೈತರನ್ನು ಪೀಡಿಸುವುದಿಲ್ಲ ಎಂಬ ಮಾತುಗಳೂ ಸೇರಿರುತ್ತಿದ್ದವು. ಒಂದೇ ಕಾಗದದ ಮೇಲಿನ ಈ ಎರಡು ವಾಗ್ದಾನಗಳಲ್ಲಿ ಮೊದಲನೆಯದನ್ನು ನಡೆಸಬೇಕಾದರೆ ಎರಡನೆಯದನ್ನು ಮುರಿಯಲೇಬೇಕೆಂಬುದು ಬರೆಸಿಕೊಂಡವರಿಗೂ ಬರೆದುಕೊಟ್ಟವನಿಗೂ ತಿಳಿದಿರಲಾರದೆ? ಅಮಲ್ದಾರನು ತಾನು ಹೊತ್ತ ಅಪಾಯವನ್ನು ಹೋಬಳಿಯ ಅಧಿಕಾರಿಯ ಮೇಲೂ, ಅವನು ಪಟೇಲನ ಮೇಲೂ, ಪಟೇಲನು ರೈತನ ಮೇಲೂ ಇಳಿಸುತ್ತಿದ್ದನು. ಬೆಳೆಯಲ್ಲಿಯೇ ಪಾಲು ಸಲ್ಲಬೇಕಾದ ಕಡೆಗಳಲ್ಲಿ ಅಧಿಕಾರಿ ಬಂದು ಅಂದಾಜು ಮಾಡುವವರೆಗೆ ಕೊಯ್ದ ಪೈರು ಕಣದಲ್ಲಿ ಬಿದ್ದಿರಬೇಕಾಗಿತ್ತು. ಮಳೆಗೆ ಕೊಳೆಯುವುದನ್ನು ತಪ್ಪಿಸಲು ಕೈ ಬಿಸಿ ಮಾಡುವುದೊಂದೇ ದಾರಿ. ಇವುಗಳ ಮೇಲೆ ಸುಂಕದ ಬಾಬುಗಳು ಬೇರೆ. ಮುಂದೆ ಕಮಿಷನರ್ ಮಾರ್ಕ್ ಕಬ್ಬನ್ ಅವರ ಕಾಲದಲ್ಲಿ ತೆಗೆದುಹಾಕಿದ ಚಿಲ್ಲರೆ ತೆರಿಗೆಗಳ ಬಾಬುಗಳೇ 769. ಇವೆಲ್ಲ ಕೃಷ್ಣರಾಜರ ಕಾಲದಲ್ಲಿಯೇ ಹುಟ್ಟಿದವೆಂದು ಹೇಳಲಾಗದು. ಹಿಂದಿನ ಹಲವು ಆಳ್ವಿಕೆಗಳ ಹೊರೆ ಅಲ್ಲಿ ಒಟ್ಟುಗೂಡಿತ್ತು. ಹೀಗಿದ್ದರೂ ಹೊರೆಯನ್ನು ಇಳಿಸಬೇಕಾದ ಕಾಲದಲ್ಲಿ ಅದನ್ನು ಹರಾಜಿಗಿಟ್ಟಂತಾದುದು ಶರತ್ತಿನಿಂದ.

1825ರಲ್ಲಿ ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಮೈಸೂರಿಗೆ ಬಂದು, ಹಣಕಾಸು ಹೀಗೆಯೇ ನಡೆದರೆ ಕಂಪನಿ ಕೈಹಾಕಬೇಕಾಗುವುದೆಂದು ಅರಸರಿಗೆ ನೇರವಾಗಿ ಎಚ್ಚರಿಕೆ ಕೊಟ್ಟರು. ಮುಂದಿನ ಐದಾರು ವರ್ಷಗಳು ಎಚ್ಚರಿಕೆಯನ್ನು ಕೇಳಿಸಿಕೊಂಡೂ ತಿದ್ದಿಕೊಳ್ಳಲಾಗದ ವರ್ಷಗಳು. ಸಾಲ ಬೆಳೆಯಿತು, ಸೈನಿಕರ ಸಂಬಳ ಬಾಕಿ ಬಿತ್ತು. ಕೃಷ್ಣರಾಜರು ಕ್ರೂರಿಗಳಾಗಿರಲಿಲ್ಲವೆಂಬುದನ್ನು ಅವರ ವಿರೋಧಿಗಳೂ ಒಪ್ಪುತ್ತಾರೆ. ಕೇಳಿದವರಿಗೆ ಇಲ್ಲವೆನ್ನಲಾರದ ಸ್ವಭಾವ ಅವರದು. ಕೇಳುವುದಕ್ಕೆ ಅರಮನೆಯ ಬಾಗಿಲವರೆಗೆ ಬರಬಲ್ಲವರಾದರೋ ಕೆಲವೇ ಮಂದಿ.

ಬಾಗಿಲು ತೀರ ದೂರವಾಗಿದ್ದುದು ನಗರ ಸೀಮೆಗೆ. ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು 1763ರಲ್ಲಿ ಹೈದರಾಲಿ ಗೆದ್ದುಕೊಂಡು ಹೈದರ್‌ನಗರವೆಂದು ಹೆಸರಿಟ್ಟನು. ಆ ಪ್ರಾಂತ್ಯ ನಗರ ಫೌಜುದಾರಿ ಎನಿಸಿತು. ಹದಿನೇಳನೆಯ ಶತಮಾನದಲ್ಲಿ ಶಿವಪ್ಪನಾಯಕನು ಭೂಮಿಯ ಗುಣವನ್ನೂ ಇಳುವರಿಯನ್ನೂ ನೋಡಿ ಕಂದಾಯ ಗೊತ್ತುಪಡಿಸಿದ ‘ಶಿಸ್ತು’ ಇಲ್ಲಿನ ರೈತರಿಗೆ ಕೇವಲ ಹಳೆಯ ಕಥೆಯಾಗಿರಲಿಲ್ಲ. ತಾವು ಎಷ್ಟು ಕೊಡಬೇಕೆಂಬುದು ಮೊದಲೇ ತಿಳಿದಿರುವ ಒಂದು ವ್ಯವಸ್ಥೆ ಸಾಧ್ಯವೆಂಬುದಕ್ಕೆ ಅದು ಸಾಕ್ಷಿಯಾಗಿತ್ತು. ಶಿಸ್ತಿನ ನಾಡಿಗೆ ಶರತ್ತು ಬಂದುದರ ವಿಪರ್ಯಾಸವನ್ನು ನಗರದ ದಂಗೆಯ ಅಧ್ಯಯನಗಳು ಇನ್ನಷ್ಟು ಒತ್ತಿ ಹೇಳಬೇಕಾಗಿದೆ.

ನಗರದ ಫೌಜುದಾರಿ ಬಹುಕಾಲ ರಾಮರಾಯನ ಬಂಧುವರ್ಗದ ಕೈಯಲ್ಲಿತ್ತು. ಲೆಕ್ಕಗಳಲ್ಲಿ ಮೋಸವಿದೆಯೆಂಬ ಸಂಶಯದಿಂದ ಅರಸರು 1828ರಲ್ಲಿ ತಮ್ಮ ಬಂಧುಗಳಾದ ವೀರರಾಜೇ ಅರಸರನ್ನು ಫೌಜುದಾರರನ್ನಾಗಿ ಕಳುಹಿಸಿದರು. ಹಿಂದೆ ಮಾಫಿಯಾಗಿದೆಯೆಂದು ತೋರಿಸಿದ್ದ ಬಾಕಿಗಳನ್ನು ಮತ್ತೆ ಕೆದಕಿದ್ದರಿಂದ ತಪ್ಪಿತಸ್ಥ ಅಧಿಕಾರಿಗಳು ಬೆದರಿದರು, ರೈತರೂ ಬೆದರಿದರು. ಅರಸರು ಮಾಡಿದ ಸುಧಾರಣೆಯ ಪ್ರಯತ್ನವೂ ಹೀಗೆ ಅಪನಂಬಿಕೆಯನ್ನೇ ಹೆಚ್ಚಿಸಿತು. ವಿಶ್ವಾಸ ಒಮ್ಮೆ ಸಡಿಲಿದ ಮೇಲೆ ಒಳ್ಳೆಯ ಉದ್ದೇಶದ ಆಜ್ಞೆಯೂ ಹೊಸ ಸುಲಿಗೆಯ ಮುನ್ಸೂಚನೆಯಂತೆ ಕಾಣುವುದು ಸಹಜ. ತರುವಾಯ ಫೌಜುದಾರಿ ಮತ್ತೆ ರಾಮರಾಯನ ಕಡೆಯ ಕೃಷ್ಣರಾಯನಿಗೆ ಸೇರಿತು.

1830ರ ಆಗಸ್ಟಿನಲ್ಲಿ ಬಸವಾಪಟ್ಟಣದಲ್ಲಿ ರೈತರು ನೆರೆದರು. ಬಳಿಕ ಆನಂದಪುರದ ಬಳಿಯ ಹೊಸಂತೆ ಮೊದಲಾದೆಡೆ ಸಭೆಗಳು ಸೇರಿದವು. ಆಗಿನ ದಾಖಲೆಗಳು ಇವನ್ನು ‘ಕೂಟ’ ಎಂದೇ ಕರೆಯುತ್ತವೆ. ಊರಿಂದೂರಿಗೆ ಕಾಗದಗಳು ಹೋದವು; ಕಂದಾಯ ನಿಂತಿತು. ಆರಂಭದ ಕೂಟಗಳಲ್ಲಿ ಕಾಣುವುದು ಅಹವಾಲು: ಅಧಿಕಾರಿಗಳ ಅನ್ಯಾಯವನ್ನು ವಿಚಾರಿಸಿ, ಕಂದಾಯದಲ್ಲಿ ರಿಯಾಯಿತಿ ಕೊಡಿ ಎಂಬುದು. ಅರಸೊತ್ತಿಗೆಯನ್ನು ಕಿತ್ತೊಗೆಯಬೇಕೆಂದು ಹೊರಟ ಜನ ಹೀಗೆ ಸಂತೆಯ ಬಯಲಿನಲ್ಲಿ ಕುಳಿತು ವಿಚಾರಣೆಗೆ ಕಾಯುವುದಿಲ್ಲ. ಆ ಹೊತ್ತಿನಲ್ಲಿ ಕೇಳುವವರೊಬ್ಬರು ಅಧಿಕಾರ ಸಹಿತರಾಗಿ ಅಲ್ಲಿಗೆ ಹೋಗಿದ್ದರೆ ಮುಂದಿನದು ಬೇರೆಯಾಗಬಹುದಾಗಿತ್ತು. ಹೋದದ್ದು ಸೈನ್ಯ. ಡಿಸೆಂಬರಿನಲ್ಲಿ ಅರಸರೇ ಖುದ್ದಾಗಿ ದಂಡಿನೊಡನೆ ಚನ್ನರಾಯಪಟ್ಟಣದ ಕಡೆಗೆ ಹೊರಟರು, ಹಲವರಿಗೆ ಶಿಕ್ಷೆಗಳಾದವು. ಪ್ರಜೆಗಳ ನಡುವೆ ಅರಸರು ಕಾಣಿಸಿಕೊಂಡುದು ದಂಡನೆಯ ನಿಮಿತ್ತವಾಯಿತು.

ಅಹವಾಲು ಕೇಳುವವರಿಲ್ಲದ ಕಡೆ ಬೇರೊಬ್ಬ ಅರಸ ಹುಟ್ಟಿಕೊಳ್ಳುತ್ತಾನೆ. ಬೂದಿ ಬಸವಪ್ಪ, ಎಂದರೆ ಸಾದರ ಮಲ್ಲ, ತಾನು ಹಳೆಯ ನಗರ ಅರಸರ ವಾರಸುದಾರನೆಂದು ಹೇಳಿಕೊಂಡು ಮುಂದೆ ಬಂದನು. ಆ ಮನೆತನದ ಮುದ್ರೆಗಳು ತನ್ನಲ್ಲಿವೆಯೆಂದು ತೋರಿಸಿದನು. ಅವನ ವಂಶದ ಮಾತು ನಿಜವೇ ಎಂಬ ಪ್ರಶ್ನೆಗೆ ಬ್ರಿಟಿಷ್ ಅಧಿಕಾರಿಗಳು ಬಹಳ ಮಹತ್ತ್ವ ಕೊಟ್ಟು ಅವನನ್ನು ವಂಚಕನೆಂದು ತೀರ್ಮಾನಿಸಿದರು. ರೈತನೊಬ್ಬನ ಮಗನನ್ನು ಕೆಳದಿಯ ವಾರಸುದಾರನೆಂದು ನಂಬಲು ಜನ ಸಿದ್ಧರಾಗಿದ್ದರೆಂಬುದೇ ಇತಿಹಾಸಕಾರನಿಗೆ ಮುಖ್ಯವಾದ ಸಂಗತಿ. ಇತ್ತ ತರೀಕೆರೆ ಪಾಳೆಯಗಾರ ಮನೆತನದ ರಂಗಪ್ಪನಾಯಕನೂ ಮೈಸೂರಿನಿಂದ ತಪ್ಪಿಸಿಕೊಂಡು ಹೋಗಿ ದಂಗೆಗೆ ಕೂಡಿಕೊಂಡನು. ರೈತರ ದೂರು, ಮಾಜಿ ಪಾಳೆಯಗಾರರ ಆಸೆ, ಸ್ಥಾನ ಕಳೆದುಕೊಳ್ಳುವ ಭಯದ ಅಧಿಕಾರಿಗಳ ಒಳಸಂಚು ಮೂರೂ ಬೆರೆತವು. ಮೈಸೂರಿನ ಸೈನ್ಯದಿಂದ ಇದನ್ನು ಅಡಗಿಸಲಾಗದೆ ರೆಸಿಡೆಂಟನ ಮೂಲಕ ಕಂಪನಿಯ ಪಡೆಗಳು ಬಂದವು. 1831ರ ಜೂನ್ ತಿಂಗಳಲ್ಲಿ ನಗರ ಅವರ ವಶವಾಯಿತು.

ಸೆಪ್ಟೆಂಬರ್ 7ರಂದು ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್ ಅರಸರಿಗೆ ಪತ್ರ ಬರೆದು, ಬೊಕ್ಕಸ ಬರಿದಾದುದನ್ನೂ ದುರಾಡಳಿತವನ್ನೂ ದಂಗೆಯನ್ನೂ ಎತ್ತಿ ಹೇಳಿ, ಒಪ್ಪಂದದ ನಿಬಂಧನೆಯಂತೆ ರಾಜ್ಯದ ಆಡಳಿತವನ್ನು ಕಂಪನಿ ವಹಿಸಿಕೊಳ್ಳುವುದೆಂದು ತಿಳಿಸಿದರು. ಅಕ್ಟೋಬರ್ 19ರಂದು ಕೃಷ್ಣರಾಜರು ಅಧಿಕಾರವನ್ನು ಬಿಟ್ಟುಕೊಟ್ಟರು. ಆ ವರ್ಷದ ವಿಜಯದಶಮಿ ಕಳೆದು ಕೆಲವೇ ದಿನಗಳಾಗಿದ್ದವು. ಪ್ರತಿಭಟನೆ ನಡೆಯಲಿಲ್ಲ. ವರ್ಷಕ್ಕೆ ಒಂದು ಲಕ್ಷ ಸ್ಟಾರ್ ಪಗೋಡ ಮತ್ತು ನಿವ್ವಳ ಆದಾಯದ ಐದನೆಯ ಒಂದು ಪಾಲು ಅವರಿಗೆ ಗೊತ್ತಾಯಿತು.

ಇಷ್ಟಕ್ಕೆ ನಿಲ್ಲಿಸಿದರೆ ಪ್ರಜಾವಿಶ್ವಾಸ ಕಳೆದುಕೊಂಡ ದೊರೆಗೆ ತಕ್ಕ ಶಾಸ್ತಿಯಾಯಿತೆಂಬ ಕಂಪನಿಯ ಕಥೆಯೇ ಉಳಿಯುತ್ತದೆ. ದಂಗೆಯ ಕಾರಣಗಳನ್ನು ವಿಚಾರಿಸಲು ಬೆಂಟಿಂಕರೇ ನೇಮಿಸಿದ ಸಮಿತಿ (ಹಾಕರ್, ಮಾರಿಸನ್, ಮೆಕ್ಲಿಯಡ್, ಕಬ್ಬನ್ ಅದರ ಸದಸ್ಯರು) 1833ರ ಡಿಸೆಂಬರಿನಲ್ಲಿ ಕೊಟ್ಟ ವರದಿ ದುರಾಡಳಿತವನ್ನು ಒಪ್ಪಿತಾದರೂ ಮೊದಲು ನಂಬಿದ್ದಷ್ಟು ಸರಳ ಚಿತ್ರವನ್ನು ಕೊಡಲಿಲ್ಲ. ಪೊಗದಿ ನಿಂತಿರಲಿಲ್ಲ. ಒಪ್ಪಂದದ ಯಾವ ನಿಬಂಧನೆಯ ಬಲದಿಂದ ಇಡೀ ರಾಜ್ಯವನ್ನು ತೆಗೆದುಕೊಂಡದ್ದಾಯಿತೋ ಅದು ನಿಜವಾಗಿ ಅನ್ವಯಿಸುತ್ತಿತ್ತೇ ಎಂಬ ಸಂದೇಹ ಬೆಂಟಿಂಕರಿಗೇ ಬಂದಿತು. 1834ರಲ್ಲಿ ರಾಜ್ಯದ ಒಂದು ಭಾಗವನ್ನು ಅರಸರಿಗೆ ಹಿಂದಿರುಗಿಸಬಹುದೆಂದು ಅವರು ಇಂಗ್ಲೆಂಡಿಗೆ ಬರೆದರು. ಕಂಪನಿಯ ನಿರ್ದೇಶಕರು ಒಪ್ಪಲಿಲ್ಲ. ನಗರದ ರೈತರು ಕೇಳಿದ್ದು ವಿಚಾರಣೆ. ಅವರ ಹೆಸರಿನಲ್ಲಿ ನಡೆದದ್ದು ರಾಜ್ಯಾಪಹಾರ. ನಾವು ಇಂದು ಓದುವ ದಾಖಲೆಗಳಲ್ಲಿ ಹೆಚ್ಚಿನವು ಅಪಹರಿಸಿದವರು ತಮ್ಮ ಸಮರ್ಥನೆಗಾಗಿ ಬರೆದಿಟ್ಟವೆಂಬುದನ್ನು ಸಂಶೋಧಕರು ಪ್ರತಿ ಪುಟದಲ್ಲಿಯೂ ನೆನಪಿಡಬೇಕಾಗುತ್ತದೆ.

ಈ ಹಿನ್ನೆಲೆಯಲ್ಲಿ ಸಾಹಿತ್ಯದ ಕಡೆಗೆ ತಿರುಗಿದರೆ ಕೆಲವು ಸಂಗತಿಗಳು ಹೊಸದಾಗಿ ಕಾಣುತ್ತವೆ. ‘ಮುದ್ರಾಮಂಜೂಷ’ದ ವಸ್ತು ನಂದರ ಪತನ, ಅವಮಾನಿತ ಚಾಣಕ್ಯನ ಪ್ರತಿಜ್ಞೆ, ಒಡೆಯರು ಅಳಿದ ಮೇಲೂ ನಿಷ್ಠೆ ಬಿಡದ ಅಮಾತ್ಯ ರಾಕ್ಷಸ. ಮನ್ರೋ ಭೇಟಿಗೆ ಎರಡು ವರ್ಷ ಮುಂಚೆ, ದುರ್ಬಲ ಮಂತ್ರಿಗಳಿದ್ದ ಆಸ್ಥಾನದಲ್ಲಿ, ಸಮರ್ಥ ಮಂತ್ರಿಯ ಕಥೆ ಕನ್ನಡ ಗದ್ಯದಲ್ಲಿ ಹುಟ್ಟಿದುದು ಆಕಸ್ಮಿಕವಿರಬಹುದು. ಕೆಂಪುನಾರಾಯಣನು ಅರಸರಿಗೆ ಪಾಠ ಹೇಳಲು ಹೊರಟನೆಂದು ಸಾಧಿಸುವುದು ಅತಿರೇಕ. ಆದರೂ ಕಾಲವನ್ನು ಮರೆತು ಆ ಗದ್ಯವನ್ನು ಓದುವುದರಿಂದ ನಷ್ಟವಾಗುವುದು ಓದುಗನಿಗೇ. ಕನಕಗಿರಿಯ ಜೈನ ಕವಿ ದೇವಚಂದ್ರನು ‘ರಾಜಾವಳೀ ಕಥಾಸಾರ’ವನ್ನು ಅದೇ ಅರಮನೆಯ ದೇವೀರಮ್ಮಣ್ಣಿಯವರಿಗಾಗಿ ಸಿದ್ಧಪಡಿಸಿದುದು 1838ರಲ್ಲಿ. ಅಧಿಕಾರ ಹೋಗಿ ಏಳು ವರ್ಷಗಳಾದ ಮನೆತನಕ್ಕೆ ರಾಜರ ಪರಂಪರೆಯನ್ನು ಕಥಿಸಿ ಒಪ್ಪಿಸಿದ ಕೃತಿ ಅದು. ಆಳುವುದಕ್ಕೆ ರಾಜ್ಯವಿಲ್ಲದ ಮೂವತ್ತೇಳು ವರ್ಷ ಕೃಷ್ಣರಾಜರ ಆಶ್ರಯ ಪಂಡಿತರಿಗೆ ತಪ್ಪಲಿಲ್ಲ. ಆಗ ಅವರು ವ್ಯಯಿಸಿದ್ದು ಗೊತ್ತಾದ ಪಾಲಿನ ಹಣ. ಅದರ ಹಿಂದೆ ಅಮಲ್ದಾರನ ಮುಚ್ಚಳಿಕೆ ಇರಲಿಲ್ಲ.

ಕಳೆದುಹೋದ ವಿಶ್ವಾಸ ಈ ಅವಧಿಯಲ್ಲಿ ಮೆಲ್ಲಮೆಲ್ಲನೆ ಮರಳಿತು. ರಾಜ್ಯವನ್ನು ಹಿಂದಕ್ಕೆ ಪಡೆಯಲು ಅರಸರು ಮಾಡುತ್ತ ಬಂದ ಮನವಿಗಳಿಗೆ ಜನರ ಸಹಾನುಭೂತಿ ದೊರೆಯಿತು. 1865ರಲ್ಲಿ ಅವರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. 1867ರಲ್ಲಿ ಬ್ರಿಟಿಷ್ ಸರ್ಕಾರ ದತ್ತಕವನ್ನು ಮಾನ್ಯಮಾಡಿತು. 1868ರ ಮಾರ್ಚ್ 27ರಂದು ಅವರು ಕಾಲವಾದರು. 1881ರ ಮಾರ್ಚಿನಲ್ಲಿ ರಾಜ್ಯ ಮನೆತನಕ್ಕೆ ಹಿಂದಿರುಗಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ತಾಲ್ಲೂಕುಗಳಿಂದ ಬಂದ ಜಮೀನುದಾರರೂ ವರ್ತಕರೂ ಸೇರಿ 144 ಮಂದಿ ಸದಸ್ಯರು ದಸರೆಯ ಸಮಯದಲ್ಲಿ, ಅಕ್ಟೋಬರ್ 7ರಂದು, ಮೈಸೂರಿನಲ್ಲಿ ಮೊದಲ ಬಾರಿಗೆ ಸಭೆ ಸೇರಿ ತಮ್ಮ ಸೀಮೆಗಳ ಅಹವಾಲುಗಳನ್ನು ದಿವಾನರ ಮುಂದಿಟ್ಟರು.